ಇನ್ನೊಂದು ಗೇಣು

ಎಡಗನ್ನಡಿಯಲ್ಲಿ ರಾಚಯ್ಯ ಕಾಣುತ್ತಿದ್ದ, ಆಮೇಲೆ ಕಾಣಲಿಲ್ಲ. ಅಷ್ಟಕ್ಕೇ ಮಾಳಿಂಗರಾಯನ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಳಿ ಪುಸ್ಸೆಂದಿತು, ಟ್ರೇಲರಿನ ಅಷ್ಟೂ ಗಾಲಿಗಳು ಮಣ್ಣು ಕಚ್ಚಿ ನಿಂತವು. "ಬರ್ಲಿ, ಬರ್ಲಿ, ಯಾಕ ನಿಂತೆಲೇ?" ಎಂದು ಹಿಂದಿನಿಂದ ಕೂಗು ಬಂತು. ರಾಚಯ್ಯ ಎಲ್ಲಿಗೂ ಹೋಗಿರಲಿಲ್ಲ. ಬಾಯೊಳಗಿನ ತಂಬಾಕು ಉಗುಳಲು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದ, ಅಷ್ಟೆ. ಕನ್ನಡಿಯಲ್ಲಿ ಅವನು ಮತ್ತೆ ಕಾಣುವವರೆಗೆ ಮಾಳಿಂಗರಾಯ ಕಾಯ್ದ. ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಗೆ ಅಂಟಿಕೊಂಡ ಆ ಗ್ರಾನೈಟ್ ಯಾರ್ಡಿನಲ್ಲಿ ಹತ್ತು ಗಂಟೆಗೇ ಬಿಸಿಲು ಕೆಂಪು ಕಲ್ಲುಗಳ ಮೇಲೆ ಬಿದ್ದು ಕಣ್ಣಿಗೆ ರಾಚುತ್ತಿತ್ತು. ಎರಡು ಸಾಲು ಕಲ್ಲಿನ ದಿಮ್ಮಿಗಳ ನಡುವೆ ಓಣಿಯಷ್ಟು ದಾರಿ. ದಾರಿಯ ಕೊನೆಗೆ ಗ್ಯಾಂಟ್ರಿ ಕ್ರೇನು, ಅದರ ಕೆಳಗೆ ನೆಲದ ಮೇಲೆ ಬಳಿದ ಹಳದಿ ಗೆರೆ. ಟ್ರೇಲರಿನ ಹಿಂದಿನ ಅಂಚು ಆ ಗೆರೆ ಮುಟ್ಟಿ ನಿಂತರೆ ಮಾತ್ರ ಕ್ರೇನಿನ ಸರಪಳಿ ಗಾಡಿಯ ಮೇಲಿನ ಕಲ್ಲಿನ ನಡುಮಧ್ಯಕ್ಕೆ ನೆಟ್ಟಗೆ ಇಳಿಯುತ್ತಿತ್ತು. ಹನ್ನೆರಡು ದಿನಗಳಿಂದ ಅವನು ಆ ಗೆರೆ ಮುಟ್ಟಲು ಹೆಣಗುತ್ತಿದ್ದ. ಇವತ್ತು ಶನಿವಾರ, ಕಲಿಯಲು ಕೊಟ್ಟ ಗಡುವಿನ ಕೊನೆಯ ದಿನ.

ಗಾಡಿ ಹಿಂದಕ್ಕೆ ಹಾಕುವುದು ಅವನಿಗೆ ಬಾರದ ವಿದ್ಯೆಯಾಗಿದ್ದರೆ ಹೇಗೋ ಕಲಿಯುತ್ತಿದ್ದ. ಬರುತ್ತಿತ್ತು, ಅದೇ ತೊಂದರೆ. ಹನ್ನೊಂದು ಹಂಗಾಮು ಕಬ್ಬಿನ ಟ್ರ್ಯಾಕ್ಟರ್ ಹೊಡೆದ ಕೈ ಅದು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ನಾಲ್ಕು ಗಾಲಿಯ ಡಬ್ಬಿಯನ್ನು ಹಿಂದಕ್ಕೆ ಹಾಕುವುದೆಂದರೆ ಹುಡುಗಾಟವಲ್ಲ. ಅದರ ಮುಂದಿನ ಗಾಲಿಗಳು ತಮ್ಮ ಮನಸ್ಸಿಗೆ ಬಂದತ್ತ ತಿರುಗುತ್ತವೆ. ಎಷ್ಟೋ ಮಂದಿ ಡ್ರೈವರುಗಳು ಡಬ್ಬಿಯ ಕೊಂಡಿ ಬಿಚ್ಚಿ, ನಾಲ್ಕು ಆಳು ಕೂಡಿ ಕೈಯಿಂದಲೇ ನೂಕುತ್ತಾರೆ. ಮಾಳಿಂಗರಾಯ ಮಾತ್ರ ಕಬ್ಬಿನ ಕಾರ್ಖಾನೆಯ ಅಂಗಳದಲ್ಲಿ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಮತ್ತೊಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ಹಿಂದಕ್ಕೆ ಹಾಕುತ್ತಿದ್ದ. ಗುಡೂರಿನ ಸುತ್ತಲ ಹಳ್ಳಿಗಳಲ್ಲಿ ಇಂಥವರು ಇಬ್ಬರೇ, ಅವರಲ್ಲಿ ಇನ್ನೊಬ್ಬ ಸತ್ತು ಹೋಗಿದ್ದಾನೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಆ ಡಬ್ಬಿಯ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗೂ ಮೊದಲು ಬಲಕ್ಕೇ ಹೋಗಬೇಕು. ಇಲ್ಲಿ ಎಲ್ಲ ಉಲ್ಟಾ. ಈ ಉದ್ದನೆಯ ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕಾದರೆ ಕೈ ಎಡಕ್ಕೆ ತಿರುಗಬೇಕು. ತಲೆಗೆ ಇದು ಮೊದಲ ದಿನವೇ ತಿಳಿದಿತ್ತು. ಕೈ ಮಾತ್ರ ಇನ್ನೂ ಹೊಲದಲ್ಲೇ ಇತ್ತು. "ನಿನ್ನ ಕೈ ಕಲ್ತದ್ದನ್ನ ಮರೀಬೇಕಲೇ, ಹೊಸಾದು ಕಲಿಯೂದು ಆಮ್ಯಾಲ," ಎಂದು ರಾಚಯ್ಯ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಮೂವತ್ತು ವರ್ಷ ಟ್ರೇಲರ್ ಹೊಡೆದು, ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾಗಿ ಸ್ಟೇರಿಂಗ್ ಬಿಟ್ಟಿದ್ದ ಮುದುಕ. ಅವನ ಬೈಗುಳದಲ್ಲಿ ವಿಷವಿರಲಿಲ್ಲ. ವಿಷವಿದ್ದಿದ್ದರೆ ಮಾಳಿಂಗರಾಯನಿಗೆ ಎಷ್ಟೋ ಹಗುರಾಗುತ್ತಿತ್ತು.

ಗಾಡಿ ಮತ್ತೆ ಅಲ್ಲಾಡಿತು. ರಿವರ್ಸ್ ಗೇರಿನ ಪೀಪಿ ಕೀ ಕೀ ಎಂದು ಇಡೀ ಯಾರ್ಡಿಗೆ ಸುದ್ದಿ ಮುಟ್ಟಿಸಿತು. ಕಲ್ಲಿನ ಮೇಲೆ ನೀರು ಬಿಡುತ್ತಿದ್ದ ಆಳುಗಳು ಪೈಪು ಹಿಡಿದುಕೊಂಡೇ ಇತ್ತ ತಿರುಗಿದರು. ಗ್ಯಾಂಟ್ರಿಯ ಎತ್ತರದ ಗೂಡಿನಲ್ಲಿ ಕೂತ ಕ್ರೇನಿನ ಆಪರೇಟರ್ ಅಯಾನ ಫೋನು ಮೇಲೆತ್ತಿ ಹಿಡಿದಿದ್ದ. ವಿಡಿಯೊ ಮಾಡುತ್ತಿದ್ದನೋ, ಸಿಗ್ನಲ್ ಹುಡುಕುತ್ತಿದ್ದನೋ. ವಿಡಿಯೊನೇ ಇರಬೇಕು ಎಂದು ಮಾಳಿಂಗರಾಯ ನಿಶ್ಚಯ ಮಾಡಿಕೊಂಡ. ಮೊನ್ನೆ ಟ್ರೇಲರು ಇಂಜಿನ್ನಿಗೆ ಅಡ್ಡಲಾಗಿ ಮಡಚಿಕೊಂಡು, ಮೂಲೆಯ ದಿಮ್ಮಿಯನ್ನು ತಿವಿದಾಗ ಆಳೊಬ್ಬ, "ಡ್ರೈವರ್ ಸಾಹೇಬ್ರ, ಕಲ್ಲು ಅಲ್ಲೇ ಇರ್ಲಿ ಬಿಡ್ರಿ, ಯಾರ್ಡನ್ನ ಇತ್ಲಾಗ ಸರಸೂಣು" ಎಂದಿದ್ದ. ಎಲ್ಲರೂ ನಕ್ಕಿದ್ದರು. ಮಾಳಿಂಗರಾಯನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕಿದ್ದ. ಆಮೇಲೆ ಕ್ಯಾಬಿನ್ನಿನಲ್ಲಿ ಕೂತಾಗ ತನ್ನ ಹಲ್ಲು ತನಗೇ ಅಸಹ್ಯವಾಗಿತ್ತು. "ಎಡಕ್ಕ ಹೊಡಿ, ಎಡಕ್ಕ... ಹಾಂ, ಸೀದಾ ಮಾಡು. ಬರ್ಲಿ... ಬರ್ಲಿ..." ಈ ಮಾತು ಬಿಟ್ಟು ಬೇರೆ ಮಾತಿಲ್ಲವೇ ಈ ಮುದುಕನಿಗೆ? ಬಾ ಅನ್ನಬಾರದೇ, ಬಿಡು ಅನ್ನಬಾರದೇ?

ಅವತ್ತೂ ಬರ್ಲಿ, ಬರ್ಲಿ ಎನ್ನುತ್ತಿದ್ದಳು ಅವನ ಹೆಂಡತಿ ಲಲಿತಾ. ಹೋದ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಡಬ್ಬಿಯೊಂದಿಗೆ ಮನೆಗೆ ಬಂದಿದ್ದ. ತಾಯಿ ರಂಗವ್ವ ಬೀರಪ್ಪನ ಗುಡಿಗೆ ಹೋಗಿದ್ದಳು. ಡಬ್ಬಿಯನ್ನು ದನದ ಕೊಟ್ಟಿಗೆಯ ಗೋಡೆಗೆ ತಾಗಿಸಿ ನಿಲ್ಲಿಸುವುದು ಅವನ ಪದ್ಧತಿ. ಗೋಡೆಗೂ ಡಬ್ಬಿಗೂ ನಡುವೆ ಕೈ ತೂರಿಸಲು ಬಾರದಷ್ಟು ಹತ್ತಿರ, ಆದರೆ ಗೋಡೆಯ ಸುಣ್ಣ ಉದುರಬಾರದು. ಹೆಂಡತಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದು, ಹೇಳಿಸಿಕೊಳ್ಳದೆಯೇ ಹಿಂದೆ ಹೋಗಿ ನಿಂತಿದ್ದಳು. ಗೋಡೆಯ ಬುಡದಲ್ಲಿ ಅವಳ ನೀರಿನ ಕೊಡವಿತ್ತು. ಬರ್ಲಿ, ಬರ್ಲಿ, ಸಾಕು. ಕೇಳಿಸಿತ್ತು. ಇಂಜಿನ್ನಿನ ಸದ್ದಿತ್ತು ನಿಜ, ಆದರೆ ಆ ಮಾತು ಆ ಸದ್ದಿನ ಮೇಲೆ ತೇಲಿಕೊಂಡು ಸ್ಪಷ್ಟವಾಗಿ ಬಂದು ಕಿವಿಗೆ ಬಿದ್ದಿತ್ತು. ಕೇಳಿದ ಮೇಲೆ ಅವನು ಅಂದುಕೊಂಡದ್ದೂ ನೆನಪಿದೆ: ಇವಳಿಗೇನು ಗೊತ್ತು, ಇನ್ನೊಂದು ಗೇಣು ಇದೆ. ಅಷ್ಟೆ. ಸಿಟ್ಟಿರಲಿಲ್ಲ, ಜಗಳವಾಗಿರಲಿಲ್ಲ, ಕುಡಿದಿರಲಿಲ್ಲ. ನೋಡುವವರೂ ಯಾರೂ ಇರಲಿಲ್ಲ. ಯಾರಾದರೂ ನೋಡುತ್ತಿದ್ದರೆ, ಹೆಂಗಸಿನ ಮಾತಿಗೆ ನಿಂತನೆಂದು ನಕ್ಕಾರೆಂಬ ಮಾನದ ಅಂಜಿಕೆಯಿಂದ ಹಾಗೆ ಮಾಡಿದೆ ಎನ್ನಬಹುದಿತ್ತು. ಅದೂ ಇಲ್ಲ. ಬರೀ ರೂಢಿ. ಆ ಒಂದು ಗೇಣಿನೊಳಗೆ, ಕೊಡ ಎತ್ತಿಕೊಳ್ಳಲೆಂದು ಬಗ್ಗಿದ್ದ ಅವಳ ಬಲಗಾಲು ಇತ್ತು.

ಕೊಡಕ್ಕೆ ಏನೂ ಆಗಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, "ಏನಾತಿದು?" ಎಂದು ಕೇಳಿದಾಗ ಮಾಳಿಂಗರಾಯ ಬಾಯಿ ತೆರೆಯುವುದರೊಳಗೆ, ನೋವಿನಿಂದ ತುಟಿ ಬಿಳಿಚಿದ್ದ ಲಲಿತಾ, "ಒಳಕಲ್ಲಿನ ಗುಂಡು ಜಾರಿ ಬಿತ್ರಿ" ಎಂದಳು. ಎರಡು ಬೆರಳು ತೆಗೆದರು. ರಾತ್ರಿ ಅವಳು ಒಮ್ಮೆ ಎಚ್ಚರಾಗಿ, ಛಾವಣಿ ನೋಡುತ್ತ, "ಇಂಜಿನ್ ಸಪ್ಪಳ ಭಾಳ ಇತ್ತಲ್ಲ?" ಎಂದು ಕೇಳಿದಳು. ಅವನು "ಹೂಂ" ಎಂದ. ಹೆಂಡತಿ ಕೊಟ್ಟ ಆ ನೆವವನ್ನು ಎರಡೂ ಕೈ ಚಾಚಿ ತೆಗೆದುಕೊಂಡ. ಅಲ್ಲಿಂದ ಮುಂದೆ ಆ ಮಾತು ಅವರಿಬ್ಬರ ನಡುವೆ ಬಂದಿಲ್ಲ. ಊರಿಗೆ ಬಂದ ಮೇಲೆ ರಂಗವ್ವ ಗುಂಡಿನ ಮೇಲೆ ಹರಿಹಾಯ್ದಳು. "ರಕ್ತ ಕಂಡ ಕಲ್ಲು ನನ್ನ ಮನ್ಯಾಗ ಬ್ಯಾಡ, ಎತ್ತಿ ಒಗದು ಬಾ," ಎಂದು ಮಗನಿಗೆ ಅಪ್ಪಣೆ ಮಾಡಿ, ಗುಂಡು ಇದ್ದ ಜಾಗಕ್ಕೆ ಬೀರಪ್ಪನ ಭಂಡಾರದ ಅರಿಸಿನ ಎರಚಿದಳು. ಅವನು ಅದನ್ನು ಹೆಗಲ ಮೇಲಿಟ್ಟುಕೊಂಡು ಹಳ್ಳದವರೆಗೆ ನಡೆದ. ಮೂರು ತಲೆಮಾರು ಖಾರ ಅರೆದು ನುಣುಪಾಗಿದ್ದ, ಏನೂ ಮಾಡದ ಕಲ್ಲು. ದಾರಿಯಲ್ಲಿ ಎದುರಾದವರು, "ಇದ ಏನಪಾ ಲಲಿತವ್ವನ ಕಾಲು ತಿಂದದ್ದು?" ಎಂದು ಕೇಳಿದರು. ಅವನು ಹೌದೆಂದ. ಒಬ್ಬಾತ ಅದರ ಮೇಲೆ ಉಗುಳಿದ. ಉಗುಳು ಮಾಳಿಂಗರಾಯನ ಅಂಗಿಯ ಮೇಲೂ ಸಿಡಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮರುವಾರ ಮನೆಗೆ ಮಿಕ್ಸಿ ಬಂತು.

ಆಮೇಲೆ ಅವನು ಟ್ರ್ಯಾಕ್ಟರ್ ಹತ್ತಲಿಲ್ಲ. ಬೆನ್ನು ನೋವೆಂದ. ಮನೆಯಲ್ಲಿ ಕೂತ. ಕೂತವನಿಗೆ ದಿನವಿಡೀ ಕೇಳುತ್ತಿದ್ದದ್ದು ಲಲಿತಾ ನಡೆಯುವ ಸದ್ದು: ಒಂದು ಹೆಜ್ಜೆ ಪೂರ್ತಿ, ಒಂದು ಹೆಜ್ಜೆ ಅರ್ಧ. ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಕೊಟ್ಟಿಗೆಗೆ. ಅವಳು ರೊಟ್ಟಿ ಬಡಿಯುವಾಗ ಮಾತ್ರ ಆ ಸದ್ದು ಇರುತ್ತಿರಲಿಲ್ಲ. ಆಗ ಅವನಿಗೆ ಉಸಿರಾಡಲು ಬರುತ್ತಿತ್ತು. ಅವಳು ಬೈದಿದ್ದರೆ, ಒಮ್ಮೆಯಾದರೂ ಕಾಲು ಮುಂದೆ ಚಾಚಿ ತೋರಿಸಿದ್ದರೆ! ಅವಳು ಹಾಗೆ ಮಾಡುವವಳಲ್ಲ. ರೊಟ್ಟಿ ಮುಂಚಿನಂತೆಯೇ ಬಿಸಿಬಿಸಿ ಬಂದು ತಾಟಿಗೆ ಬೀಳುತ್ತಿತ್ತು. ಹತ್ತು ತಿಂಗಳಾದ ಮೇಲೆ, ಯಾರ್ಡಿನಲ್ಲಿ ಡ್ರೈವರ್ ಬೇಕಂತೆ, ಮಂಗಳೂರಿನ ಬಂದರಕ್ಕೆ ಕಲ್ಲು ಒಯ್ಯಬೇಕಂತೆ ಎಂದು ಸುದ್ದಿ ತಂದವಳೂ ಅವಳೇ. ಹೋಗಿ ಬರಲು, ಲೋಡಿಗೆ ಕಾಯಲು, ಹತ್ತು ಹತ್ತು ದಿನ ಹೊರಗೇ ಇರಬೇಕಾಗುತ್ತದೆ ಎಂದಾಗ ಅವಳು, "ಇದ್ರ ಏನಾತು, ನಾ ಅದೀನಲ್ಲ" ಎಂದಳು. ಅವನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಗೆ ಅವನೇ ಹೇಸಿದ. ಆದರೂ ಹೇಳಬೇಕೆಂದರೆ, ಹನ್ನೆರಡು ದಿನಗಳಿಂದ ಅವನು ಹಲ್ಲು ಕಚ್ಚಿ ಈ ಸ್ಟೇರಿಂಗ್ ಹಿಡಿದದ್ದು ಸಂಬಳಕ್ಕಲ್ಲ, ಆ ಹತ್ತು ದಿನಗಳಿಗೆ. ಆ ಅರ್ಧ ಹೆಜ್ಜೆ ಕೇಳಿಸದಷ್ಟು ದೂರಕ್ಕೆ ಹೋಗಬೇಕಾಗಿತ್ತು ಅವನಿಗೆ. ಅದಕ್ಕೆ ಮೊದಲು ಈ ಗೆರೆಯವರೆಗೆ ಹಿಂದಕ್ಕೆ ಬರಬೇಕಾಗಿತ್ತು.

"ಏ ಏ ಏ, ತಡಿ!" ರಾಚಯ್ಯ ಚೀರಿದ. ಕೈ ಮತ್ತೆ ಹಳೆಯ ಚಾಳಿಗೆ ಬಿದ್ದಿತ್ತು. ಬಾಲ ಎಡಕ್ಕೆ ಹೊರಳಿ ಕಲ್ಲಿನ ಸಾಲಿಗೆ ತಾಗಲು ಹೊರಟಿತ್ತು. ಮುಂದಕ್ಕೆ ತೆಗೆದು, ನೇರ ಮಾಡಿ, ಮತ್ತೆ ಹಿಂದಕ್ಕೆ. ಬರ್ಲಿ ಎಂದರೆ ಕಾಲು ಬ್ರೇಕಿಗೆ ಹೋಗುತ್ತಿತ್ತು; ಕನ್ನಡಿಯಲ್ಲಿ ರಾಚಯ್ಯನ ಪಂಚೆ ಕಾಣುವವರೆಗೆ ಗಾಡಿ ಅಲ್ಲಾಡುತ್ತಿರಲಿಲ್ಲ. ಆರನೆಯ ಸಲವೋ ಏಳನೆಯ ಸಲವೋ ನಿಂತಾಗ, ಆಫೀಸಿನ ಬಾಗಿಲಿನಿಂದ ನಾಗರತ್ನಾ ಬಿಸಿಲಿಗೆ ಕೈ ಅಡ್ಡ ಹಿಡಿದು ಬಂದಳು. ಯಾರ್ಡಿನ ಮ್ಯಾನೇಜರು ಅವಳೇ. ದನಿ ಎತ್ತದೆಯೇ ಕೆಲಸ ತೆಗೆಯುವವಳು. "ಮಾಳಿಂಗರಾಯ, ನೋಡಪ್ಪ, ಸೋಮವಾರ ಕಲ್ಲು ಹೊರಡಬೇಕು. ಹೊಸಪೇಟಿಯ ಡ್ರೈವರ್ ಒಬ್ಬ ಮಧ್ಯಾಹ್ನ ಫೋನ್ ಮಾಡ್ತಾನ. ಅವನಿಗೆ ಏನ್ ಹೇಳಲಿ?" "ಬರ್ತೇತ್ರಿ ಅಕ್ಕಾರ, ಇದೊಂದ ಸಲ," ಎಂದ. ಅವಳು ಗಡಿಯಾರ ನೋಡಿಕೊಂಡಳು. "ನಿನ್ನ ಲೈಸನ್ಸು, ಆಧಾರ ತಗೊಂಡು ನಿನ್ನ ಹೆಂಡತಿ ಬಂದಾಳ. ಚಹಾದಂಗಡಿ ನೆಳ್ಳಿಗೆ ಕುಂದ್ರಿಸೇನಿ," ಎಂದು ಹೇಳಿ ತಿರುಗಿದಳು.

ಕಾಗದಗಳನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸು ಎಂದಿದ್ದ ಅವನು. ಗುಡೂರಿನಿಂದ ದಿನಾ ಬರುವ ಬಸ್ಸು, ದಿನಾ ನೋಡುವ ಕಂಡಕ್ಟರು. ಇವಳೇ ಯಾಕೆ ಬಂದಳು? ಗೇಟಿನ ಆಚೆ ಚಹಾದಂಗಡಿಯ ತಗಡಿನ ಕೆಳಗೆ ನೀಲಿ ಸೆರಗು ಕಂಡಿತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಾಳೋ. ಆರು ಸಲ ನಿಂತದ್ದನ್ನೂ ನೋಡಿರಬೇಕು. ಅವನಿಗೆ ಕ್ಯಾಬಿನ್ನಿನ ನೆಲ ಕಿತ್ತುಕೊಂಡು ಕೆಳಗೆ ಹೋಗಬಾರದೇ ಎನ್ನಿಸಿತು. "ಬರ್ಲಿ," ಎಂದ ರಾಚಯ್ಯ. ಬರಲಿಲ್ಲ. "ಬರ್ಲಿಲೇ!" ಗೇರು ಕಿರುಗುಟ್ಟಿತು, ಗಾಡಿ ಒಮ್ಮೆ ಬಿಕ್ಕಳಿಸಿ ನಿಂತಿತು. ರಾಚಯ್ಯ ಮುಂದೆ ಬಂದು ಬಾಗಿಲ ಮೇಲೆ ಅಂಗೈಯಿಂದ ಬಡಿದ. "ಕೇಳಿಲ್ಲಿ. ನೀ ಗಾಡಿಗೆ ಅಂಜಾಕತ್ತಿಲ್ಲ, ನನಗ ಅಂಜಾಕತ್ತಿ. ಹಿಂದ ನಿಂತವನ ಮಾತ ನಂಬದ ಡ್ರೈವರ್‌ಗೆ ನಾ ಏನ್ ಕಲಿಸ್ಲಿ? ನನ್ನ ಕಡಿಂದ ಆಗೂದಿಲ್ಲಪಾ." ಹೇಳಿದವನೇ ಹೋಗಿ ಬೇವಿನ ಗಿಡದ ಕೆಳಗೆ, ಮುರಿದ ಕಲ್ಲಿನ ಮೇಲೆ ಕೂತು ಟವಲಿನಿಂದ ಮುಖ ಒರೆಸಿಕೊಳ್ಳತೊಡಗಿದ.

ಇಂಜಿನ್ನು ತನ್ನಷ್ಟಕ್ಕೆ ತಾನು ಗುರುಗುಡುತ್ತಿತ್ತು. ಮುಗಿಯಿತು, ಇನ್ನು ಕೆಳಗಿಳಿದು ಚಾವಿ ಕೊಟ್ಟು ಬಸ್ಸು ಹತ್ತುವುದೊಂದೇ ಉಳಿದದ್ದು, ಅದೂ ಅವಳ ಪಕ್ಕದ ಸೀಟಿನಲ್ಲಿ, ಎಂದು ಮಾಳಿಂಗರಾಯ ಅಂದುಕೊಳ್ಳುತ್ತಿರುವಾಗ ನೀಲಿ ಸೆರಗು ಗೇಟು ದಾಟಿತು. ಲಲಿತಾ ಯಾರ ಕಡೆಗೂ ನೋಡದೆ, ಕಲ್ಲಿನ ಚೂರುಗಳ ನಡುವೆ ಬಲಗಾಲನ್ನು ಆರಿಸಿ ಆರಿಸಿ ಇಡುತ್ತ, ಟ್ರೇಲರಿನ ಪಕ್ಕದಿಂದ ಹಿಂದಕ್ಕೆ ನಡೆದಳು. ನಾಗರತ್ನಾಳ ಕೈಯಲ್ಲಿ ಕಾಗದದ ಚೀಲ ಕೊಟ್ಟಳು. ಆಮೇಲೆ ಹಳದಿ ಗೆರೆಯ ಹತ್ತಿರ ಹೋಗಿ, ಎಡಗನ್ನಡಿಗೆ ಕಾಣುವಂತೆ ನಿಂತಳು. "ಏ ತಂಗಿ, ಅತ್ಲಾಗ ಸರಿಯವ್ವ," ಎಂದು ರಾಚಯ್ಯ ಕೂತಲ್ಲಿಂದಲೇ ಕೂಗಿದ. ಅವಳು ಸರಿಯಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ಮೇಲೆತ್ತಿ, "ಬರ್ಲಿ" ಎಂದಳು.

ಅವನು ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದ. ಇದು ಶಿಕ್ಷೆಯೋ, ಸಹಾಯವೋ, ಅಥವಾ ಅವಳಿಗೆ ನಿಜವಾಗಿಯೂ ಏನೂ ಗೊತ್ತಿಲ್ಲವೋ? ಗೊತ್ತಿಲ್ಲ, ಇಂಜಿನ್ನಿನ ಸಪ್ಪಳದಲ್ಲಿ ಗಂಡನಿಗೆ ಕೇಳಿಸಲಿಲ್ಲ ಎಂದೇ ನಂಬಿದ್ದಾಳೆ, ಪಾಪ. ಇಲ್ಲದಿದ್ದರೆ ಯಾರು ಹೀಗೆ ಬಂದು ಹಿಂದೆ ನಿಲ್ಲುತ್ತಾರೆ? ಕಾಲು ಬ್ರೇಕಿನಿಂದ ಎದ್ದಿತು. ಎಡಕ್ಕೆ ಎಂದು ಅವಳು ಹೇಳಲಿಲ್ಲ, ಬಲಕ್ಕೆ ಎಂದೂ ಹೇಳಲಿಲ್ಲ, ಅವಳಿಗೆ ಅದು ಬರುವುದೂ ಇಲ್ಲ. ಬರೀ ಬರ್ಲಿ ಎಂದಳು. ಅವನು ಕಣ್ಣು ಕನ್ನಡಿಯಿಂದ ಕೀಳದೆ, ಮುಂದಿನದನ್ನೆಲ್ಲ ಮರೆತು, ಆ ನೀಲಿ ಬಣ್ಣವೊಂದನ್ನೇ ನೋಡುತ್ತಿದ್ದ. ಬಾಲ ಅವಳತ್ತ ಹೊರಳಿದರೆ ಕೈ ತಾನಾಗಿ ಅತ್ತಲೇ ತಿರುಗಿ ಅದನ್ನು ಆಚೆ ದೂಡುತ್ತಿತ್ತು. ಹನ್ನೆರಡು ದಿನ ತಲೆ ಹೇಳಿದ್ದನ್ನು ಕೇಳದ ಕೈ ಈಗ ಹೆದರಿಕೆ ಹೇಳಿದ್ದನ್ನು ಕೇಳಿತು. ಟ್ರೇಲರು ಎರಡು ಸಾಲು ಕಲ್ಲಿನ ನಡುವೆ ನೆಟ್ಟಗೆ, ನಿಧಾನ ಹಿಂದಕ್ಕೆ ಸರಿಯಿತು. ರಾಚಯ್ಯ ಎದ್ದು ನಿಂತ. ಪೈಪು ಹಿಡಿದ ಆಳು ನೀರು ಎಲ್ಲಿ ಬೀಳುತ್ತಿದೆ ಎಂಬುದನ್ನೂ ಮರೆತು ನೋಡಿದ.

"ಸಾಕು."

ನಿಂತ. ಆ ಮಾತಿನ ಕೊನೆಯ ಅಕ್ಷರ ಮುಗಿಯುವುದರೊಳಗೆ ನಿಂತ. ರಾಚಯ್ಯ ಓಡಿ ಬಂದು ಬಗ್ಗಿ ನೋಡಿ ನಕ್ಕ. "ಶಾಬಾಸ್ ಮಗನ! ಆದ್ರ ಗೆರಿ ಮುಟ್ಟಿಲ್ಲ. ಇನ್ನೊಂದು ಗೇಣು ಐತಿ. ತಂಗಿ, ನೀ ಸರಿ. ಬರ್ಲಿ ಮಾಳ್ಯಾ, ಇನ್ನೊಂದ ಗೇಣು." ಗೂಡಿನಿಂದ ಅಯಾನನೂ ಬೆರಳು ಅಗಲಿಸಿ ತೋರಿಸಿದ: ಇಷ್ಟೇ. "ಬರ್ಲಿ, ಬರ್ಲಿ," ಎಂದು ಆಳುಗಳೂ ಕೂಗತೊಡಗಿದರು. ಈ ಸಲ ಅದು ಗೇಲಿಯಾಗಿರಲಿಲ್ಲ, ಖರೇನೇ ಖುಷಿಯಾಗಿತ್ತು ಅವರಿಗೆ.

ಮಾಳಿಂಗರಾಯ ಇಂಜಿನ್ ಬಂದ್ ಮಾಡಿದ. ಕೈಬ್ರೇಕ್ ಎಳೆದು ಕೆಳಗಿಳಿದ. ಅಂತರ ನೋಡಲು ಇಳಿದನೆಂದು ಎಲ್ಲರೂ ತಿಳಿದರು. ಹಿಂದಿನವರೆಗೆ ನಡೆದು ಬಂದವನು ಗೆರೆಯನ್ನು ನೋಡಲಿಲ್ಲ. ಗಂಟಲೊಳಗೆ ಹತ್ತು ತಿಂಗಳಿಂದ ಕೂತದ್ದು, ಅವನು ಕರೆಯದೆಯೇ, ತಾನೇ ಎದ್ದು ಹೊರಗೆ ಬಂತು. "ಅವತ್ತೂ ಸಾಕು ಅಂದಿದ್ಲು. ನಾ ಕೇಳಿದ್ದೆ," ಎಂದ. "ಏನ್ ಮಾತಾಡ್ತೀಲೇ?" ಎಂದ ರಾಚಯ್ಯ. "ಗುಂಡು ಬಿದ್ದಿಲ್ಲ ಈಕಿ ಕಾಲ ಮ್ಯಾಲ. ನಾ ಡಬ್ಬಿ ಹತ್ತಿಸಿದ್ದು. ಸಾಕು ಅಂದದ್ದು ಕೇಳಿತ್ತು ನನಗ. ಕೇಳೀನೂ ಬಂದೆ." ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಅವಳು ಅಳುತ್ತಾಳೆ, ಇಲ್ಲವೇ ಎಲ್ಲರ ಮುಂದೆ ಕೆನ್ನೆಗೆ ಬಾರಿಸುತ್ತಾಳೆ, ಎರಡರಲ್ಲಿ ಯಾವುದಾದರೂ ಸರಿ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಅಲ್ಲಿದ್ದ ಗಂಡಸರೆಲ್ಲ, ನಾಗರತ್ನಾಳೂ ಕೂಡ, ಒಮ್ಮೆಲೇ ಲಲಿತಾಳ ಬಲಗಾಲಿನ ಕಡೆಗೆ ನೋಡಿದರು. ಅವಳು ಆ ಪಾದವನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡಳು.

"ಗೊತ್ತೈತ್ರಿ ನನಗ," ಎಂದಳು ಅವನೊಬ್ಬನಿಗೇ ಕೇಳುವಂತೆ. "ಅವತ್ತ ಗೊತ್ತಾಗೇತಿ. ಕೇಳದವ್ರ ಮಾರಿ ಹಂಗಿರೂದಿಲ್ಲ."

ಅವನು ತಲೆ ಎತ್ತಿ ಅವಳ ಮುಖ ನೋಡಿದ.

"ನಿಮ್ಮನ್ನ ಉಳಸಾಕ ಗುಂಡು ಬಿತ್ತಂದೆ ಅಂತ ತಿಳದಿರೇನು? ಸಾಕಂದ್ರ ನಿಲ್ಲದ ಗಂಡನ್ನ ಕಟ್ಕೊಂಡೇನಿ ಅಂತ ನಾಕ ಮಂದಿ ಮುಂದ ಹೇಳಾಕ ನನಗ ನಾಚಿಕಿ ಆಗಿತ್ತು. ಅದೊಂದನ್ನ ಮುಚ್ಚಿಟ್ಕೊಂಡಿದ್ದೆ. ಅದನ್ನೂ ಇವತ್ತ ನೀವ ತಗದು ಒಗದ್ರಿ, ನನ್ನ ಒಂದ್ ಮಾತು ಕೇಳದ." ಕಣ್ಣಲ್ಲಿ ನೀರಿರಲಿಲ್ಲ. ಬೇಸತ್ತ ದನಿ ಅದು, ಮಧ್ಯಾಹ್ನದ ಕೆಲಸ ಇನ್ನೂ ಬಾಕಿ ಇರುವವರ ದನಿ. "ಕಾಗದ ಅಕ್ಕಾರ ಕೈಯಾಗ ಕೊಟ್ಟೇನಿ. ಸೋಮವಾರ ಹೋಗ್ರಿ ಬಂದರಕ್ಕ," ಎಂದು ಹೇಳಿ, ಬಂದ ದಾರಿಯಲ್ಲೇ ಗೇಟಿನ ಕಡೆಗೆ ನಡೆದಳು.

ನಾಗರತ್ನಾ ಕಾಗದದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಅವನ ಮುಖ ನೋಡದೆ, "ಕಲ್ಲು ಇಳಸಬೇಕಪ್ಪ" ಎಂದಳು. ಮಾಳಿಂಗರಾಯ ಹೋಗಿ ಕ್ಯಾಬಿನ್ ಹತ್ತಿದ. ಹಿಂದೆ ಯಾರೂ ನಿಂತಿರಲಿಲ್ಲ. ಎರಡೂ ಕನ್ನಡಿಯಲ್ಲಿ ಕಲ್ಲು, ಮಣ್ಣು, ಖಾಲಿ ಬಿಸಿಲು. ಅವನು ಇಂಜಿನ್ ಚಾಲೂ ಮಾಡಿ ಕ್ಲಚ್ ಸಡಿಲು ಬಿಟ್ಟ. ಗಾಡಿ ಒಂದು ಗೇಣು, ಬರೋಬ್ಬರಿ ಒಂದು ಗೇಣು, ಬೆಣ್ಣೆಯಂತೆ ಹಿಂದಕ್ಕೆ ಸರಿದು ಗೆರೆಯ ಮೇಲೆ ನಿಂತಿತು. ಮೇಲಿನಿಂದ ಸರಪಳಿ ಕಿಣಿಕಿಣಿ ಇಳಿದು ಕಲ್ಲಿನ ನಡುಮಧ್ಯಕ್ಕೆ ಕೂತಿತು. "ಕಲ್ತಿ ನೋಡಲೇ, ಕಲ್ತಿ," ಎಂದ ರಾಚಯ್ಯ, ಹೇಳಬೇಕಲ್ಲ ಎಂದು. ಕಲ್ಲು ಮೇಲೆದ್ದಿತು, ಟ್ರೇಲರು ಹಗುರಾಗಿ ಒಮ್ಮೆ ತೂಗಿತು. ಕೆಲಸ ಸಿಕ್ಕಿತ್ತು. ರಸ್ತೆಯಲ್ಲಿ ಗುಡೂರಿನ ಬಸ್ಸು ಹಾರ್ನ್ ಹೊಡೆದು ನಿಂತು, ಹತ್ತುವವರನ್ನು ಹತ್ತಿಸಿಕೊಂಡು ಹೋಯಿತು. ಮಾಳಿಂಗರಾಯ ಕ್ಯಾಬಿನ್ನಿನಿಂದ ಇಳಿಯಲಿಲ್ಲ. ಇಳಿದರೆ ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ತಿಳಿಯಲಿಲ್ಲ.